ಡೈರಿಯ ಚೀಟಿ ಪ್ರಿಂಟರ್: ಸೀರಿಯಲ್ ವೈರೂ ಕೀಪ್ಯಾಡೂ ಒಟ್ಟಿಗೆ ಕೈಕೊಡುತ್ತಿವೆ

ಸೊಸೈಟಿ ಹುಡುಗ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ನಮ್ಮ ತಂದೆ ಕಾರ್ಯದರ್ಶಿ. ಚೀಟಿ ಮುದ್ರಿಸಿ ಕೊಡುತ್ತಿದ್ದ ಯಂತ್ರ ಕೆಟ್ಟು ಎರಡು ತಿಂಗಳಾಯಿತು. ರಿಪೇರಿಯವರು ‘ನಾಳೆ ಬರುತ್ತೇವೆ’ ಎನ್ನುವುದನ್ನು ಮಾತ್ರ ನಿಲ್ಲಿಸಿಲ್ಲ. ಅಲ್ಲಿಯವರೆಗೆ ಅಪ್ಪ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬರೆಯುತ್ತಿದ್ದಾರೆ. ಸದಸ್ಯರು 110 ಮಂದಿ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದವರ ಸಾಲು ಅರಳಿಕಟ್ಟೆ ಮುಟ್ಟಿರುತ್ತದೆ.

ನಾನು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ರಜೆಯಲ್ಲಿ ಒಂದು ಪೆಟ್ಟಿಗೆ ಮಾಡಲು ಹೊರಟೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 58 ಮಿ.ಮೀ. ಕಾಗದದ ಪುಟ್ಟ ಥರ್ಮಲ್ ಪ್ರಿಂಟರ್ ಮತ್ತು 4×4 ಮೆಂಬ್ರೇನ್ ಕೀಪ್ಯಾಡ್ ತಂದೆ. ಪ್ರೋಗ್ರಾಮ್ ಹಾಕಬಹುದಾದ ಚಿಕ್ಕ ಬೋರ್ಡ್, ಆರ್ಡುಯಿನೊ ಊನೊ, ಮೊದಲೇ ಇತ್ತು. ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್ ಒತ್ತಿ ಕೊನೆಗೆ # ಒತ್ತಿದರೆ ಚೀಟಿ ಬರಬೇಕು, ಅಷ್ಟೇ.

ಬರುತ್ತಿರುವುದು ಚೀಟಿಯಲ್ಲ. ‘ಲೀಟರ್ 6.5’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕಳುಹಿಸಿದರೆ ಪ್ರಶ್ನೆ ಚಿಹ್ನೆ, ಅರ್ಧ ಚೌಕ, ಏನೇನೋ ಗೀಟು. 5 ಒಮ್ಮೆ ಒತ್ತಿದರೆ ಕೆಲವೊಮ್ಮೆ 55 ಆಗುತ್ತದೆ. ಪ್ರಿಂಟರ್ ಓಡುವಾಗ ಯಾರೂ ಮುಟ್ಟದೆಯೇ ಕೀಪ್ಯಾಡ್ ಅಂಕಿ ಒತ್ತಿಕೊಳ್ಳುತ್ತದೆ. ಕಪ್ಪು ಪಟ್ಟಿಯ ತಲೆಬರಹ ಬಂದರೆ ಊನೊ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರಿಂಟರ್ ಸಿಕ್ಕಿಸಿದ್ದರೆ ಪ್ರೋಗ್ರಾಮ್ ಅಪ್‌ಲೋಡ್ ಕೂಡ ಆಗುವುದಿಲ್ಲ. ಪ್ರಿಂಟರಿನ ಸೀರಿಯಲ್ ವೈರುಗಳು, ಅಂದರೆ ಬಿಟ್ಟುಗಳನ್ನು ಒಂದರ ಹಿಂದೊಂದು ಸಾಗಿಸುವ ಡೇಟಾ ವೈರುಗಳು, ಊನೊದ ಡಿ0, ಡಿ1 ಪಿನ್ನುಗಳಿಗೆ, ಕೀಪ್ಯಾಡ್ ಡಿ2ರಿಂದ ಡಿ9ಕ್ಕೆ, ಪ್ರಿಂಟರಿನ ಕರೆಂಟ್ ಊನೊದ 5 ವೋಲ್ಟ್ ಪಿನ್ನಿನಿಂದ. ಎಲ್ಲಿಂದ ಶುರು ಮಾಡಲಿ?


ಅರ್ಜೆಂಟ್ ಆಸಾಮಿ
ಸೋಮವಾರ, ರಾತ್ರಿ 9:52

ಇಷ್ಟೆಲ್ಲ ಒದ್ದಾಟ ಏಕೆ? ಬ್ಲೂಟೂತ್ ಪ್ರಿಂಟರ್ ಒಂದು ತೆಗೆದುಕೊಳ್ಳಿ, ಮೊಬೈಲಿನಲ್ಲಿ ಆ್ಯಪ್ ಹಾಕಿಕೊಳ್ಳಿ. ಹತ್ತು ನಿಮಿಷದ ಕೆಲಸ.


ಸೊಸೈಟಿ ಹುಡುಗ
ಸೋಮವಾರ, ರಾತ್ರಿ 10:05

ಅದನ್ನೂ ಮಾಡಿ ನೋಡಿದ್ದೇನೆ ಸರ್. ಅಪ್ಪನ ಕೈ ಸದಾ ಹಾಲಿನಲ್ಲಿ ಒದ್ದೆ. ಒದ್ದೆ ಬೆರಳಿಗೆ ಮೊಬೈಲ್ ಪರದೆ ಒಂದೋ ಮಿಸುಕುವುದಿಲ್ಲ, ಇಲ್ಲವೇ ತಾನೇ ಯಾರಿಗೋ ಕರೆ ಮಾಡುತ್ತದೆ. ಕೀಪ್ಯಾಡ್ ಆದರೆ ಕಣ್ಣು ಅಳತೆಯ ಮೇಲಿದ್ದರೂ ಬೆರಳಿಗೆ ಜಾಗ ಗೊತ್ತಿರುತ್ತದೆ.


ಬೆಸುಗೆ ರಾಯರು
ಸೋಮವಾರ, ರಾತ್ರಿ 10:31

ತಮ್ಮ, ಹದಿನೆಂಟು ವರ್ಷ ಟಿಕೆಟ್ ಯಂತ್ರ, ಬಂಕಿನ ಬಿಲ್ ಯಂತ್ರ ಬಿಚ್ಚಿದವನು ನಾನು. ನೀವು ಹೇಳಿದ ಐದು ರೋಗಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಒಂದೇ ರಾತ್ರಿ ವಾಸಿ ಮಾಡಲು ಹೋದರೆ ಯಾವ ಮದ್ದು ಯಾವುದಕ್ಕೆ ತಾಗಿತೆಂದೇ ತಿಳಿಯುವುದಿಲ್ಲ.

ಊನೊ, ಕೀಪ್ಯಾಡ್ ಎರಡನ್ನೂ ಪಕ್ಕಕ್ಕಿಡಿ. ಪ್ರಿಂಟರಿಗೆ ಮಾತ್ರ ಕರೆಂಟ್ ಕೊಡಿ. ಅದರ ಮುಖದ ಮೇಲೆ ಕಾಗದ ಮುಂದೂಡುವ ಒಂದು ಬಟನ್ ಇದೆಯಲ್ಲ, ಅದನ್ನು ಒತ್ತಿ ಹಿಡಿದುಕೊಂಡೇ ಸ್ವಿಚ್ ಹಾಕಿ. ಪ್ರಿಂಟರ್ ತನ್ನ ಜಾತಕವನ್ನು ತಾನೇ ಅಚ್ಚು ಹಾಕಿ ಕೊಡುತ್ತದೆ. ಬಾಡ್ ರೇಟ್, ಅಂದರೆ ಡೇಟಾ ಹೋಗುವ ವೇಗ, ಎಷ್ಟು, ಸೀರಿಯಲ್ಲೋ ಯುಎಸ್‌ಬಿಯೋ, ಯಾವ ಅಕ್ಷರಮಾಲೆ, ಎಲ್ಲವೂ ಅದರಲ್ಲಿರುತ್ತದೆ. ಕಾಗದ ಬಂದೂ ಖಾಲಿಯಿದ್ದರೆ ರೋಲನ್ನು ತಿರುಗಿಸಿ ಹಾಕಿ. ಉಗುರಿನಿಂದ ಗೀರಿದಾಗ ಕಪ್ಪು ಗೆರೆ ಬೀಳುವ ಮಗ್ಗುಲು ಬಿಸಿ ತಲೆಯ ಕಡೆಗಿರಬೇಕು.

ಕರೆಂಟಿನ ವಿಷಯ. ಈ ಪುಟ್ಟ ಪ್ರಿಂಟರ್ ಕೇಳುವುದು 5ರಿಂದ 9 ವೋಲ್ಟ್, ಆದರೆ ಅಚ್ಚು ಹಾಕುವ ಕ್ಷಣದಲ್ಲಿ ಒಂದೂವರೆ ಎರಡು ಆಂಪಿಯರ್ ಎಳೆಯುತ್ತದೆ. ಊನೊದ ಯುಎಸ್‌ಬಿ ದಾರಿಯಲ್ಲಿ ಕೂತಿರುವ ಫ್ಯೂಸ್ 500 ಮಿಲಿಆಂಪಿಯರಿನದು. ಕಪ್ಪು ಪಟ್ಟಿ ಬಂದಾಗ ಊನೊ ಮತ್ತೆ ಶುರುವಾಗುವುದರಲ್ಲಿ ಆಶ್ಚರ್ಯವೇನಿದೆ? ಬೇರೆ ಅಡಾಪ್ಟರ್ ತನ್ನಿ, 9 ವೋಲ್ಟ್ 2 ಆಂಪಿಯರ್. ನಾಳೆ ಜಾತಕ ಓದಿ ಹೇಳಿ.


ದೋಸೆಬಿಲ್
ಮಂಗಳವಾರ, ಬೆಳಿಗ್ಗೆ 7:15

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ದಾವಣಗೆರೆಯಲ್ಲಿ ಸಣ್ಣ ಹೋಟೆಲ್. ಹಳೆಯ ಬಿಲ್ ಪ್ರಿಂಟರಿಗೆ ಹಿಂದೆ ದೊಡ್ಡ 25 ಪಿನ್ನಿನ ಕಿಂಡಿ ಇದೆ. ಅದನ್ನೂ ಹೀಗೆಯೇ ಊನೊಗೆ ಸಿಕ್ಕಿಸಬಹುದೇ? ಈಗ ಕಂಪ್ಯೂಟರಿನ 9 ಪಿನ್ನಿನ ಕಿಂಡಿಗೆ ಹಾಕಿದ್ದೇನೆ. ಹತ್ತು ಐಟಮ್ ಇದ್ದರೆ ಸರಿ ಬರುತ್ತದೆ. ಮದುವೆ ಮನೆಯ ಪಾರ್ಸೆಲ್ಲಿನಂಥ ಉದ್ದ ಬಿಲ್ಲಾದರೆ ನಡುವಿನ ಸಾಲುಗಳು ಮಾಯ. ಮೊನ್ನೆ ಎಂಟು ಪ್ಲೇಟ್ ಬೆಣ್ಣೆ ದೋಸೆ ಬಿಲ್ಲಿನಲ್ಲೇ ಇರಲಿಲ್ಲ.


ಲ್ಯಾಬ್ ನಂಬರ್ 3
ಮಂಗಳವಾರ, ಬೆಳಿಗ್ಗೆ 8:02

ದೋಸೆಬಿಲ್ ಅವರೇ, ದಯವಿಟ್ಟು ನೇರವಾಗಿ ಸಿಕ್ಕಿಸಬೇಡಿ. ಸೊಸೈಟಿ ಹುಡುಗನ ಪ್ರಿಂಟರ್ ಟಿಟಿಎಲ್ ಮಟ್ಟದ್ದು, ನಿಮ್ಮದು ಆರ್‌ಎಸ್-232. ಇಬ್ಬರೂ ಆಡುವುದು ಸೀರಿಯಲ್ ಭಾಷೆಯೇ, ಆದರೆ ಗಂಟಲು ಬೇರೆ. ಟಿಟಿಎಲ್‌ನಲ್ಲಿ 1 ಎಂದರೆ ಸುಮಾರು 5 ವೋಲ್ಟ್, 0 ಎಂದರೆ ಸೊನ್ನೆ ವೋಲ್ಟ್. ಆರ್‌ಎಸ್-232ರಲ್ಲಿ 1 ಎಂದರೆ ಋಣ ವೋಲ್ಟೇಜ್, ಮೈನಸ್ 3ರಿಂದ ಮೈನಸ್ 15ರ ನಡುವೆ ಎಲ್ಲಾದರೂ. 0 ಎಂದರೆ ಅಷ್ಟೇ ಧನ ವೋಲ್ಟೇಜ್. ಅಂಥ ಮೈನಸ್ 10 ವೋಲ್ಟ್ ಊನೊದ ಪಿನ್ನಿಗೆ ಬಿದ್ದರೆ ಚಿಪ್ ಉಳಿಯುವ ಭರವಸೆಯಿಲ್ಲ. ನಡುವೆ ಈ ವೋಲ್ಟೇಜುಗಳನ್ನು ಬದಲಿಸಿಕೊಡುವ ಮ್ಯಾಕ್ಸ್232 ಚಿಪ್ ಇರುವ ಚಿಕ್ಕ ಬೋರ್ಡ್ ಹಾಕಬೇಕು. 3.3 ವೋಲ್ಟಿನ ಬೋರ್ಡಾದರೆ ಮ್ಯಾಕ್ಸ್3232.

ಯಾವ ಜಾತಿ ಎಂದು ತಿಳಿಯದಿದ್ದರೆ ಮಲ್ಟಿಮೀಟರ್ ಸಾಕು. ಪ್ರಿಂಟರ್ ಆನ್ ಮಾಡಿ, ಏನನ್ನೂ ಕಳುಹಿಸದೆ, ಕಪ್ಪು ಕಡ್ಡಿಯನ್ನು ಗ್ರೌಂಡಿಗೂ, ಅಂದರೆ ಸೊನ್ನೆ ವೋಲ್ಟಿನ ತಂತಿಗೂ, ಕೆಂಪು ಕಡ್ಡಿಯನ್ನು ಅದು ಕಳುಹಿಸುವ ಟಿಎಕ್ಸ್ ಪಿನ್ನಿಗೂ ಹಿಡಿಯಿರಿ. 3.3 ಅಥವಾ 5ರ ಹತ್ತಿರ ತೋರಿಸಿದರೆ ಟಿಟಿಎಲ್. ಮೈನಸ್ 5, ಮೈನಸ್ 9 ಎಂದು ತೋರಿಸಿದರೆ ಆರ್‌ಎಸ್-232. ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ಇದನ್ನೇ ಮಾಡಿಸುತ್ತೇನೆ. ಮೀಟರಿನಲ್ಲಿ ಮೈನಸ್ ಕಂಡ ಕೂಡಲೇ ಅರ್ಧ ತರಗತಿ ಕಡ್ಡಿಗಳನ್ನು ಅದಲು ಬದಲು ಮಾಡುತ್ತದೆ, ತಾವೇ ಉಲ್ಟಾ ಹಿಡಿದೆವೆಂದುಕೊಂಡು.

ನಿಮ್ಮ ದೋಸೆ ಮಾಯವಾಗುವುದಕ್ಕೆ ಕಾರಣ ಕೇಬಲ್ ಇರಬೇಕು. ಪ್ರಿಂಟರಿನ ಹೊಟ್ಟೆ ಚಿಕ್ಕದು. ತುಂಬಿದಾಗ ‘ಸ್ವಲ್ಪ ತಾಳು’ ಎಂದು ಅದು 20ನೇ ಪಿನ್ನಿನಲ್ಲಿ ಸನ್ನೆ ಮಾಡುತ್ತದೆ. ಬರೀ ಮೂರು ವೈರಿನ ಕೇಬಲ್ಲಾದರೆ ಆ ಸನ್ನೆ ಕಂಪ್ಯೂಟರಿಗೆ ಕಾಣುವುದೇ ಇಲ್ಲ, ಅದು ಸುರಿಯುತ್ತಲೇ ಹೋಗುತ್ತದೆ. 9 ಪಿನ್ ಕಡೆಯ 3 ಪ್ರಿಂಟರಿನ 3ಕ್ಕೆ, 2 ಅದರ 2ಕ್ಕೆ, 5 ಅದರ 7ಕ್ಕೆ, ಇಷ್ಟು ನಿಮ್ಮಲ್ಲಿ ಈಗಾಗಲೇ ಇದೆ. ಪ್ರಿಂಟರಿನ 20ನ್ನು ಕಂಪ್ಯೂಟರಿನ 6ಕ್ಕೆ, ಕಂಪ್ಯೂಟರಿನ 4ನ್ನು ಪ್ರಿಂಟರಿನ 6ಕ್ಕೆ ಸೇರಿಸಿ. ಪ್ರಿಂಟರಿನ 4ನ್ನು ಕಂಪ್ಯೂಟರಿನ 8ಕ್ಕೂ ಎಳೆದರೆ ಒಳ್ಳೆಯದು. ಬಿಲ್ ತಂತ್ರಾಂಶದಲ್ಲಿ ಡಿಟಿಆರ್-ಡಿಎಸ್‌ಆರ್ ನಿಯಂತ್ರಣ, ಅಂದರೆ ಈ ಸನ್ನೆ ನೋಡಿ ಕಳುಹಿಸುವ ಕ್ರಮ, ಆಯ್ದುಕೊಳ್ಳಿ.

2ಕ್ಕೆ 2, 3ಕ್ಕೆ 3 ಎಂದರೆ ಅಡ್ಡ ಹಾಯಿಸಿಯೇ ಇಲ್ಲವಲ್ಲ ಎನ್ನಬೇಡಿ. 25 ಪಿನ್ನಿನ ಕಿಂಡಿಯಲ್ಲಿ 2 ಕಳುಹಿಸುವುದು, 3 ಪಡೆಯುವುದು. 9 ಪಿನ್ನಿನಲ್ಲಿ ಅದು ತಿರುಗಾಮುರುಗಾ. ಅಡ್ಡ ಹಾಯುವ ಕೆಲಸ ಅಲ್ಲೇ ಆಗಿಹೋಗುತ್ತದೆ.


ಬೆಸುಗೆ ರಾಯರು
ಮಂಗಳವಾರ, ಬೆಳಿಗ್ಗೆ 8:20

ಮೇಡಂ ಹೇಳಿದ್ದಕ್ಕೆ ಒಂದು ಬಾಲ. ಅಡಿಭಾಗದಲ್ಲಿ ಸಾಲಾಗಿ ಚಿಕ್ಕ ಬಿಳಿ ಸ್ವಿಚ್ಚುಗಳಿರುತ್ತವೆ. ವೇಗ, ಪ್ಯಾರಿಟಿ ಎಂಬ ತಪ್ಪು ಹಿಡಿಯುವ ಬಿಟ್, ಸನ್ನೆಯ ಬಗೆ ಎಲ್ಲ ಅಲ್ಲಿ. ಅವನ್ನು ಪ್ರಿಂಟರ್ ಓದುವುದು ಆನ್ ಆಗುವಾಗ ಮಾತ್ರ. ಸ್ವಿಚ್ ತಿರುಗಿಸಿ, ಆಫ್ ಮಾಡದೆ, ‘ಏನೂ ಬದಲಾಗಲಿಲ್ಲ’ ಎಂದು ಫೋನ್ ಮಾಡಿದವರ ಲೆಕ್ಕ ನನ್ನಲ್ಲಿಲ್ಲ.


ಸೊಸೈಟಿ ಹುಡುಗ
ಮಂಗಳವಾರ, ರಾತ್ರಿ 8:48

ಜಾತಕ ಬಂತು! ಬಾಡ್ ರೇಟ್ 19200 ಎಂದಿದೆ. ನಾನು ಅಂಗಡಿಯವರ ಮಾತು ನಂಬಿ 9600 ಇಟ್ಟಿದ್ದೆ. 19200 ಮಾಡಿದೆ, ‘ಲೀಟರ್ 6.5’ ಹಲ್ಲುಜ್ಜಿದ ಹಾಗೆ ಶುಭ್ರವಾಗಿ ಬಂತು. ಡಿ0, ಡಿ1 ಬಿಟ್ಟು, ಬೇರೆ ಪಿನ್ನುಗಳನ್ನೂ ಸೀರಿಯಲ್ ಮಾಡುವ ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿಯಲ್ಲಿ ಪ್ರಿಂಟರನ್ನು ಡಿ10, ಡಿ11ಕ್ಕೆ ಹಾಕಿದೆ. ಈಗ ಅಪ್‌ಲೋಡ್ ಸಲೀಸು. ಊನೊದಲ್ಲಿ ಯುಎಸ್‌ಬಿಗೂ ಡಿ0, ಡಿ1ಕ್ಕೂ ಇರುವುದು ಒಂದೇ ಸೀರಿಯಲ್ ಎಂಬುದು ಈಗ ತಲೆಗೆ ಹೋಯಿತು.

ಆದರೆ ರಾಯರು ಹೇಳಿದಂತೆ 9 ವೋಲ್ಟಿನ ಬೇರೆ ಅಡಾಪ್ಟರ್ ಹಾಕಿದ ಮೇಲೆ ಮತ್ತೆ ಕಸ ಬರುತ್ತಿದೆ. ಜಾತಕ ಚೆನ್ನಾಗಿಯೇ ಬರುತ್ತದೆ, ಊನೊ ಕಳುಹಿಸಿದ್ದು ಮಾತ್ರ ಕಸ. ಅದೂ ಪ್ರತಿ ಸಲ ಬೇರೆ ಬೇರೆ ಕಸ.


ಬೆಸುಗೆ ರಾಯರು
ಮಂಗಳವಾರ, ರಾತ್ರಿ 8:55

ಅಡಾಪ್ಟರಿನ ಮೈನಸ್ಸನ್ನು ಊನೊದ ಗ್ರೌಂಡಿಗೆ ಸೇರಿಸಿದ್ದೀರಾ?


ಸೊಸೈಟಿ ಹುಡುಗ
ಮಂಗಳವಾರ, ರಾತ್ರಿ 8:57

ಇಲ್ಲ.


ಸೊಸೈಟಿ ಹುಡುಗ
ಮಂಗಳವಾರ, ರಾತ್ರಿ 9:03

ಸೇರಿಸಿದೆ. ಸರಿಹೋಯಿತು. ನಾಚಿಕೆಯಾಗುತ್ತಿದೆ.


ಲ್ಯಾಬ್ ನಂಬರ್ 3
ಮಂಗಳವಾರ, ರಾತ್ರಿ 9:30

ನಾಚಿಕೆ ಬೇಡ, ಇದು ಎಲ್ಲರೂ ತೆರುವ ಸುಂಕ. 5 ವೋಲ್ಟ್ ಎಂದರೆ ಯಾವುದಕ್ಕಿಂತ 5 ಹೆಚ್ಚು ಎಂಬುದು ಎರಡೂ ಕಡೆಗೆ ಗೊತ್ತಿರಬೇಕಲ್ಲ. ಮೊದಲು ಊನೊದಿಂದಲೇ ಕರೆಂಟ್ ಹೋಗುತ್ತಿದ್ದಾಗ ಗ್ರೌಂಡ್ ತಾನಾಗಿಯೇ ಸೇರಿತ್ತು.

ಪ್ರಿಂಟರಿನ ಕರೆಂಟಿಗೆ ಜಂಪರ್ ವೈರ್ ಬಳಸಿದ್ದರೆ ಬದಲಾಯಿಸಿ. ಆ ಕೂದಲೆಳೆಯಲ್ಲೂ ಸಡಿಲ ಕೀಲುಗಳಲ್ಲೂ ಸೇರಿ ಅರ್ಧ ಓಮ್ ಇದ್ದರೂ 1.5 ಆಂಪಿಯರಿಗೆ 0.75 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ದಪ್ಪ ವೈರ್ ಹಾಕಿ, ಪ್ರಿಂಟರಿನ ಬಾಯಿಯ ಹತ್ತಿರವೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆಯಿರಿ, ಪ್ಲಸ್ ಮೈನಸ್ ನೋಡಿಕೊಂಡು.

ಇನ್ನು ಕೀಪ್ಯಾಡ್. ನಿಮ್ಮ ಪ್ರೋಗ್ರಾಮ್ ನೋಡದೆಯೇ ಊಹಿಸುತ್ತೇನೆ: ಕಂಬಸಾಲಿನ ಪಿನ್ನುಗಳನ್ನು ಬರೀ ಇನ್‌ಪುಟ್ ಎಂದು ಬರೆದಿದ್ದೀರಿ, ಪುಲ್-ಅಪ್, ಅಂದರೆ ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್, ಇಲ್ಲ. ಹಾಗಿದ್ದರೆ ಆ ಪಿನ್ನುಗಳು ಗಾಳಿಪಟದಂತೆ ತೇಲುತ್ತಿರುತ್ತವೆ. ಪಕ್ಕದಲ್ಲಿ ಎರಡು ಆಂಪಿಯರ್ ಆನ್-ಆಫ್ ಆದಾಗ ಯಾರೋ ಬಟನ್ ಒತ್ತಿದ ಹಾಗೆ ಅವಕ್ಕೆ ಕಾಣುತ್ತದೆ. ಚಿಪ್ಪಿನೊಳಗೇ 20ರಿಂದ 50 ಕಿಲೊಓಮಿನ ಪುಲ್-ಅಪ್ ಇದೆ, ಇನ್‌ಪುಟ್-ಪುಲ್‌ಅಪ್ ಎಂದು ಬರೆದರೆ ಸಾಕು. ಆಗ ಒತ್ತದ ಬಟನ್ 1, ಒತ್ತಿದ್ದು 0 ಎಂದು ಲೆಕ್ಕ ತಿರುಗುತ್ತದೆ.

55 ಆಗುವುದಕ್ಕೆ ಎರಡು ಕಾರಣವಿರಬಹುದು. ಒಂದು, ಬಟನ್ ತಾಗುವಾಗ ಕೆಲವು ಮಿಲಿಸೆಕೆಂಡು ಅದು ಕುಣಿಯುತ್ತದೆ, ತಾಗಿ ಬಿಟ್ಟು ತಾಗಿ. ಇನ್ನೊಂದು, ಒತ್ತಿ ಹಿಡಿದಷ್ಟು ಹೊತ್ತೂ ನಿಮ್ಮ ಲೂಪ್ ಅದನ್ನು ಹೊಸ ಒತ್ತು ಎಂದೇ ಎಣಿಸುತ್ತಿರಬಹುದು. ಮೊದಲನೆಯದಕ್ಕೆ 20 ಮಿಲಿಸೆಕೆಂಡು ಬಿಟ್ಟು ಮತ್ತೊಮ್ಮೆ ನೋಡಿ. ಎರಡನೆಯದಕ್ಕೆ, ಬೆರಳು ಎತ್ತಿದ್ದು ಕಾಣುವವರೆಗೆ ಮುಂದಿನದನ್ನು ಎಣಿಸಬೇಡಿ.


ಸೊಸೈಟಿ ಹುಡುಗ
ಬುಧವಾರ, ಬೆಳಿಗ್ಗೆ 11:10

ಊಹೆ ನೂರಕ್ಕೆ ನೂರು ಸರಿ ಮೇಡಂ. ಎರಡೂ ತಪ್ಪು ನನ್ನಲ್ಲಿತ್ತು. ಈಗ ಒತ್ತಿದಷ್ಟೇ ಬರುತ್ತದೆ. ಒಂದು ವಿಚಿತ್ರ ಉಳಿದಿತ್ತು: 1 ಒತ್ತಿದರೆ 4ನೇ ಸಾಲಿನ ಡಿ ಬರುತ್ತಿತ್ತು, 2 ಒತ್ತಿದರೆ 3ನೇ ಸಾಲಿನ ಸಿ. ಇಡೀ ಕೀಪ್ಯಾಡ್ ತಲೆಕೆಳಗು. ಪಟ್ಟಿ ವೈರಿನ ಮೊದಲ ತಂತಿ ಎಡದ್ದೋ ಬಲದ್ದೋ ಎಂಬ ಗೊಂದಲ. ಮಲ್ಟಿಮೀಟರನ್ನು ಬೀಪ್ ಮಾಡುವಲ್ಲಿಟ್ಟು, 1ನ್ನು ಒತ್ತಿ ಹಿಡಿದು, ಎಂಟು ತಂತಿಗಳಲ್ಲಿ ಯಾವ ಎರಡು ಸೇರಿದಾಗ ಕೂಗುತ್ತದೆಂದು ತಡಕಿದೆ. 1 ಆದ ಮೇಲೆ 2, ಆಮೇಲೆ 4. ಮೂರು ಬಟನ್ನಿಗೇ ಮೊದಲ ಎರಡು ಸಾಲು, ಮೊದಲ ಎರಡು ಕಂಬ ಗೊತ್ತಾದವು. ಬೀಪ್ ಕೇಳಿ ಅಜ್ಜಿ ಬಂದು ‘ಯಾರ ಫೋನೋ ಬಡಿದುಕೊಳ್ಳುತ್ತಿದೆ, ಎತ್ತಬಾರದೆ’ ಎಂದರು.

ಮುಂದಿನ ಸಮಸ್ಯೆ ಕನ್ನಡದ್ದು. ಪ್ರೋಗ್ರಾಮಿನಲ್ಲಿ ‘ಹಾಲು’ ಎಂದು ಬರೆದು ಕಳುಹಿಸಿದೆ. ಬಂದದ್ದು ಚೀನೀ ಅಕ್ಷರ, ಐದಾರು. ಚೀಟಿಯನ್ನು ಅಪ್ಪ ಕೈಯಲ್ಲಿ ತಿರುಗಿಸಿ ನೋಡಿ, ‘ಹಾಲು ಕೊಟ್ಟವರಿಗೆ ಪಾಸ್‌ಪೋರ್ಟ್ ಕೂಡ ಕೊಡುತ್ತೀಯಾ?’ ಎಂದರು.


ಚುಕ್ಕಿ ಅಕ್ಷರ
ಬುಧವಾರ, ಮಧ್ಯಾಹ್ನ 1:25

ಈ ಚೀನೀ ಅಕ್ಷರಗಳ ಲೆಕ್ಕ ಸ್ವಾರಸ್ಯವಾಗಿದೆ. ‘ಹಾಲು’ ಎಂಬುದರಲ್ಲಿ ಯೂನಿಕೋಡ್ ಪ್ರಕಾರ ನಾಲ್ಕು ಸಂಕೇತ: ಹ, ಅದರ ದೀರ್ಘ, ಲ, ಅದರ ಕೊಂಬು. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್. ಒಟ್ಟು 12 ಬೈಟ್. ನಿಮ್ಮ ಪ್ರಿಂಟರ್ ಚೀನೀ ಕ್ರಮದಲ್ಲಿ ಎದ್ದಿದೆ, ಎರಡೆರಡು ಬೈಟನ್ನು ಜೋಡಿಸಿ ಒಂದು ಅಕ್ಷರ ಮಾಡುತ್ತದೆ. 12ರ ಅರ್ಧ 6. 28, 46 ಎಂಬ ಎರಡು ಸಂಖ್ಯೆಯ ಆಜ್ಞೆ ಕಳುಹಿಸಿದರೆ ಚೀನೀ ಕ್ರಮ ಆಫ್ ಆಗುತ್ತದೆ. ಆಗಲೂ ಕನ್ನಡ ಬರುವುದಿಲ್ಲ, 12 ಬೇರೆ ಕಸ ಬರುತ್ತದೆ. ಸಾಮಾನ್ಯ ಅಮೆರಿಕನ್ ಅಕ್ಷರಪಟ್ಟಿಯಾದರೆ ಪ್ರತಿ ಮೂರರಲ್ಲಿ ಮೊದಲನೆಯದು ಗ್ರೀಕಿನ ಆಲ್ಫಾ.

ಇಂಥ ಅಗ್ಗದ ಪ್ರಿಂಟರಿನೊಳಗೆ ಕನ್ನಡ ಅಕ್ಷರ ಇರುವುದಿಲ್ಲ. ಇದ್ದರೂ ಒತ್ತಕ್ಷರವನ್ನು ಕೂಡಿಸುವ ಬುದ್ಧಿ ಅದಕ್ಕಿಲ್ಲ. ‘ಸಂಖ್ಯೆ’ಯ ಖ, ಯ ವತ್ತು, ಎತ್ವ ಮೂರೂ ಸೇರಿ ಒಂದು ಆಕೃತಿಯಾಗಬೇಕು. ಆದ್ದರಿಂದ ಕನ್ನಡವನ್ನು ಚಿತ್ರವಾಗಿ ಕಳುಹಿಸುವುದೇ ದಾರಿ. ಕಂಪ್ಯೂಟರಿನಲ್ಲಿ ಪದಗಳನ್ನು ಕಪ್ಪು-ಬಿಳಿ ಚುಕ್ಕಿಯ ಚಿತ್ರ ಮಾಡಿಕೊಳ್ಳಿ: ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ದರ, ಮೊತ್ತ. ಪ್ರಿಂಟರಿನ ಅಗಲ 384 ಚುಕ್ಕಿ, ಮಿಲಿಮೀಟರಿಗೆ 8. ಎತ್ತರ 40 ಚುಕ್ಕಿ ಇಡಿ. 24ರಲ್ಲೂ ಬರೆಯಬಹುದು, ಆದರೆ ವತ್ತುಗಳು ಉಸಿರುಗಟ್ಟುತ್ತವೆ. ಮೂರು ಮಿಲಿಮೀಟರಿನಲ್ಲಿ ಅಕ್ಷರವೂ ಅದರ ಕೆಳಗೊಂದು ವತ್ತೂ ಸಂಸಾರ ಮಾಡಬೇಕು.


ಸೊಸೈಟಿ ಹುಡುಗ
ಬುಧವಾರ, ಸಂಜೆ 6:40

ಒಂದು ಸಾಲಿಗೆ 384 ಚುಕ್ಕಿ ಎಂದರೆ 48 ಬೈಟ್, 40 ಸಾಲು ಎತ್ತರಕ್ಕೆ 1920 ಬೈಟ್. ಊನೊದ ಮೆಮೊರಿಯೇ 2048 ಬೈಟ್. ಪದ ಮತ್ತು ಅಂಕಿ ಸೇರಿಸಿ ಒಂದು ಪಟ್ಟಿ ಮಾಡಿಟ್ಟುಕೊಳ್ಳೋಣ ಎಂದರೆ ಉಳಿದದ್ದಕ್ಕೆ ಜಾಗವೇ ಇಲ್ಲ. ಪದವನ್ನು ಚಿತ್ರವಾಗಿ ಕಳುಹಿಸಿ ಅದರ ಪಕ್ಕ ಅಂಕಿಯನ್ನು ಮಾಮೂಲಿ ಅಕ್ಷರವಾಗಿ ಕಳುಹಿಸಿದರೆ ಅಂಕಿ ಕೆಳಗಿನ ಸಾಲಿಗೆ ಬೀಳುತ್ತದೆ. ಇನ್ನೂ ಒಂದು: ಚಿತ್ರ ಹೋಗುತ್ತಿರುವಾಗ ಒತ್ತಿದ ಬಟನ್ ಲೆಕ್ಕಕ್ಕೇ ಬರುವುದಿಲ್ಲ. 19200ರಲ್ಲಿ ಸೆಕೆಂಡಿಗೆ 1920 ಬೈಟ್, ಅಂದರೆ ಕನ್ನಡದ ಒಂದು ಸಾಲಿಗೆ ಸರಿಯಾಗಿ ಒಂದು ಸೆಕೆಂಡು. ಆರು ಸಾಲಿನ ಚೀಟಿಗೆ ಆರು ಸೆಕೆಂಡು ಕೀಪ್ಯಾಡ್ ಕಿವುಡು. ಅಪ್ಪ ಅಷ್ಟರಲ್ಲಿ ಮುಂದಿನವರ ಸಂಖ್ಯೆ ಒತ್ತಿಯಾಗಿರುತ್ತದೆ. ಊನೊದ ದೊಡ್ಡಣ್ಣ ಮೆಗಾ ಬೋರ್ಡ್ ಕೊಳ್ಳಲೇ?


ಅರ್ಜೆಂಟ್ ಆಸಾಮಿ
ಬುಧವಾರ, ಸಂಜೆ 6:58

ಕೊಳ್ಳಿ. ಮೆಗಾದಲ್ಲಿ ನಾಲ್ಕು ಹಾರ್ಡ್‌ವೇರ್ ಸೀರಿಯಲ್, 8 ಕಿಲೊಬೈಟ್ ಮೆಮೊರಿ. ಜಗಳವೇ ಇಲ್ಲ.


ಲ್ಯಾಬ್ ನಂಬರ್ 3
ಬುಧವಾರ, ರಾತ್ರಿ 9:12

ಕೊಂಡರೆ ತಪ್ಪೇನಿಲ್ಲ. ಆದರೆ ಮೆಗಾ ಕೊಂಡು ಇದೇ ಪ್ರೋಗ್ರಾಮ್ ಹಾಕಿದರೆ ಕೀಪ್ಯಾಡ್ ಅಲ್ಲಿಯೂ ಕಿವುಡಾಗಿಯೇ ಇರುತ್ತದೆ. ಸೀರಿಯಲ್ ಕಳುಹಿಸುವ ಚಿಕ್ಕ ಬಫರ್ 64 ಬೈಟಿನದು. ತುಂಬಿದ ಮೇಲೆ ಅದೂ ಕಾಯಲೇಬೇಕು.

ಇಡೀ ಪಟ್ಟಿಯನ್ನು ಮೆಮೊರಿಯಲ್ಲಿ ಕಟ್ಟುವುದು ಬಿಡಿ. ಪ್ರಿಂಟರಿಗೆ ಬೇಕಿರುವುದು ಚುಕ್ಕಿಗಳ ಸಾಲು, ಒಂದಾದ ಮೇಲೊಂದು. ಪದಗಳ ಚಿತ್ರವನ್ನೂ ಹತ್ತು ಅಂಕಿ ಮತ್ತು ದಶಮಾಂಶ ಚುಕ್ಕಿಯ ಚಿತ್ರವನ್ನೂ ಪ್ರೋಗ್ರಾಮ್ ಕೂರುವ ಫ್ಲಾಶ್ ಮೆಮೊರಿಯಲ್ಲಿಡಿ. ಅರ್ಧ ಅಗಲದ ಆರು ಪದಕ್ಕೆ ತಲಾ 960 ಬೈಟ್, ಅಂಕಿಗೆ ತಲಾ 120. ಎಲ್ಲ ಸೇರಿ ಏಳು ಕಿಲೊಬೈಟ್, ಊನೊದಲ್ಲಿರುವುದು 32. ಮೊದಲು 29, 118, 48, 0, 48, 0, 40, 0 ಎಂದು ಕಳುಹಿಸಿ: 48 ಬೈಟ್ ಅಗಲ, 40 ಚುಕ್ಕಿ ಎತ್ತರದ ಚಿತ್ರ ಬರುತ್ತಿದೆ ಎಂಬ ಮುನ್ಸೂಚನೆ ಅದು. ಆಮೇಲೆ ಮೊದಲ ಚುಕ್ಕಿಸಾಲಿಗೆ ಪದದ ಚಿತ್ರದಿಂದ 24 ಬೈಟ್ ತೆಗೆದು ಕಳುಹಿಸಿ, ಅದರ ಬೆನ್ನಿಗೇ ಒಂದೊಂದು ಅಂಕಿಯಿಂದ ಮೂರು ಮೂರು ಬೈಟ್, ಉಳಿದದ್ದಕ್ಕೆ ಸೊನ್ನೆ. ಮತ್ತೆ ಎರಡನೇ ಚುಕ್ಕಿಸಾಲು. ಮೆಮೊರಿಯಲ್ಲಿ ಏನನ್ನೂ ಕೂಡಿಡಬೇಕಿಲ್ಲ. ನೇಕಾರರು ಸೀರೆಯ ಅಂಚು, ಒಡಲು ಎರಡನ್ನೂ ಎಳೆ ಎಳೆಯಾಗಿ ಒಟ್ಟಿಗೆ ನೇಯುತ್ತಾರಲ್ಲ, ಹಾಗೆ.

ಈಗ ಕೀಪ್ಯಾಡ್. 48 ಬೈಟ್ ಹೋಗಲು 25 ಮಿಲಿಸೆಕೆಂಡು. ಪ್ರತಿ ಚುಕ್ಕಿಸಾಲು ಮುಗಿದ ಕೂಡಲೇ ಕೀಪ್ಯಾಡನ್ನು ಒಮ್ಮೆ ನೋಡಿ, ಒತ್ತಿದ್ದರೆ ಹತ್ತು ಅಂಕಿಯ ಒಂದು ಸಣ್ಣ ಸರದಿಯಲ್ಲಿ ಹಾಕಿ, ಮುಂದಿನ ಸಾಲಿಗೆ ಹೋಗಿ. ಎಷ್ಟೇ ಚುರುಕಿನ ಬೆರಳಾದರೂ ಬಟನ್ ಮೇಲೆ 25 ಮಿಲಿಸೆಕೆಂಡಿಗಿಂತ ಹೆಚ್ಚೇ ಇರುತ್ತದೆ. ಬಟನ್ ಕುಣಿತಕ್ಕೆ ಬೇರೆ ಕಾಯಬೇಕಾಗಿಯೂ ಇಲ್ಲ, ಎರಡು ನೋಟದ ನಡುವಿನ ಅಂತರವೇ ಆ ಕೆಲಸ ಮಾಡುತ್ತದೆ.


ಬೆಸುಗೆ ರಾಯರು
ಬುಧವಾರ, ರಾತ್ರಿ 9:40

ಮೇಡಂ, ಕೈ ಮುಗಿದೆ. ನಾನಾಗಿದ್ದರೆ ಮೆಗಾ ಕೊಡಿಸಿ ಕಳುಹಿಸುತ್ತಿದ್ದೆ.

ಕೆಲವು ಅಗ್ಗದ ಮಾದರಿಗಳಿಗೆ ಈ 29, 118 ಅರ್ಥವಾಗುವುದಿಲ್ಲ, 18, 42 ಎಂದು ಶುರುವಾಗುವ ಬೇರೆ ಆಜ್ಞೆ ಬೇಕು. ಚಿತ್ರದ ಬದಲು ಕಸದ ಸುರಿಮಳೆಯಾದರೆ ಅದನ್ನು ನೋಡಿ. ಚಿತ್ರ ಮಸುಕಾದರೆ 27, 55 ಆಜ್ಞೆಯ ಜೊತೆ ಮೂರು ಸಂಖ್ಯೆ. ಮೊದಲನೆಯದು ಒಟ್ಟಿಗೆ ಎಷ್ಟು ಚುಕ್ಕಿ ಕಾಯಿಸಬೇಕು: 7 ಎಂದರೆ 64 ಚುಕ್ಕಿ, 11 ಎಂದರೆ 96. ಎರಡನೆಯದು ಎಷ್ಟು ಹೊತ್ತು ಕಾಯಿಸಬೇಕು: 80 ಎಂದರೆ 800 ಮೈಕ್ರೊಸೆಕೆಂಡು. ಮೂರನೆಯದು ನಡುವಿನ ಬಿಡುವು. ಕಪ್ಪು ಬೇಕೆಂದರೆ ಎರಡನೆಯದನ್ನು ಏರಿಸಿ, ಮೊದಲನೆಯದರ ತಂಟೆಗೆ ಹೋಗಬೇಡಿ. ಅದು ಏರಿದಷ್ಟೂ ಕರೆಂಟ್ ಬಾಯಿ ಬಿಡುತ್ತದೆ.


ಚುಕ್ಕಿ ಅಕ್ಷರ
ಬುಧವಾರ, ರಾತ್ರಿ 10:15

ಅಂಕಿಗಳನ್ನೂ ಚಿತ್ರವಾಗಿಯೇ ಇಡುತ್ತೀರಿ ಎಂದರೆ ಕನ್ನಡ ಅಂಕಿ ಏಕಾಗಬಾರದು? ನಮ್ಮ ಸಿಟಿ ಬಸ್ಸುಗಳ ಹಲಗೆಯಲ್ಲಿ ಇಲ್ಲವೇ?


ಸೊಸೈಟಿ ಹುಡುಗ
ಗುರುವಾರ, ಬೆಳಿಗ್ಗೆ 10:50

ಆಸೆಪಟ್ಟು ಮಾಡಿದೆ, ಅಪ್ಪ ಒಪ್ಪಲಿಲ್ಲ. ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಇರುವ ಅಂಕಿಯೇ ಚೀಟಿಯಲ್ಲಿರಲಿ, ಹೋಲಿಸಿ ನೋಡುವವರಿಗೆ ಸುಲಭ ಎಂದರು. ಅವರ ಮಾತಿನಲ್ಲಿ ಹುರುಳಿದೆ ಎಂದು ಗೊತ್ತಾಗಿದ್ದು ನಿನ್ನೆಯ ಪರೀಕ್ಷೆಯ ಚೀಟಿಯನ್ನು ಬಿಸಿಲಿನಲ್ಲಿಟ್ಟು ನೋಡಿದಾಗ. ಮಾಸಿದ ಥರ್ಮಲ್ ಕಾಗದದಲ್ಲಿ ೬ ಯಾವುದು, ೯ ಯಾವುದು ಎಂದು ನಾನೇ ತಡವರಿಸಿದೆ. ಪದಗಳು ಕನ್ನಡ, ಅಂಕಿ ಮಾಮೂಲಿ. ಹಾಗೆಂದು ತೀರ್ಮಾನವಾಯಿತು.

ಸಾಲು ಸಾಲಾಗಿ ಕಳುಹಿಸುವ ಉಪಾಯ ಕೆಲಸ ಮಾಡುತ್ತಿದೆ. ಅಚ್ಚಾಗುತ್ತಿರುವಾಗಲೇ ಮುಂದಿನ ಸಂಖ್ಯೆ ಒತ್ತಿದರೆ ಸರದಿಯಲ್ಲಿ ಕೂರುತ್ತದೆ. ಆರು ಸೆಕೆಂಡು ಯಾರಿಗೂ ಭಾರವಾಗಲಿಲ್ಲ. ಕ್ಯಾನು ಬಗ್ಗಿಸಿ, ನೊರೆ ಇಳಿದು, ಅಪ್ಪ ಮಾದರಿಯ ಬಾಟಲಿ ತುಂಬಿಸುವಷ್ಟರಲ್ಲಿ ಹಿಂದಿನವರ ಚೀಟಿ ಹೊರಬಂದಿರುತ್ತದೆ.


ದೋಸೆಬಿಲ್
ಗುರುವಾರ, ಮಧ್ಯಾಹ್ನ 3:30

ಕೇಬಲ್ ಹೊಸದಾಗಿ ಬೆಸೆದೆ. 43 ಐಟಮ್ಮಿನ ಬಿಲ್ ಹೊಡೆದು ನೋಡಿದೆ, ಒಂದು ವಡೆಯೂ ತಪ್ಪಲಿಲ್ಲ. ಮೇಡಂ, ಈ ಕಡೆ ಬಂದರೆ ಹೋಟೆಲಿಗೆ ಬರಲೇಬೇಕು.


ಸೊಸೈಟಿ ಹುಡುಗ
ಶುಕ್ರವಾರ, ಬೆಳಿಗ್ಗೆ 9:05

ಇಂದು ಮೊದಲ ಬಾರಿಗೆ ಡೈರಿಯಲ್ಲಿಟ್ಟೆವು. ಕಾರ್ಬನ್ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡೇ. ಥರ್ಮಲ್ ಚೀಟಿ ಅಂಗಿಯ ಜೇಬಿನ ಬೆವರಿಗೇ ಮಾಸುತ್ತದೆ, ರಿಜಿಸ್ಟರ್ ಬಿಡುವ ಹಾಗಿಲ್ಲ ಎಂದು ಅಪ್ಪ ಕಟ್ಟುನಿಟ್ಟು.

ಎರಡು ತಕರಾರು. ಹಾಲು ತಂದ ಮಕ್ಕಳಿಗೆ ಪ್ರಿಂಟರಿನ ಮುಖದ ಬಟನ್ ಸಿಕ್ಕಿತು. ಒತ್ತಿದರೆ ಕಾಗದ ನಾಲಿಗೆ ಚಾಚುವುದನ್ನು ನೋಡಿ ಅರ್ಧ ರೋಲ್ ಎಳೆದರು. ಎರಡನೆಯದು, ಅಪ್ಪ 47ರ ಬದಲು 74 ಒತ್ತಿ # ಕೊಟ್ಟರು. ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ. ಅವರಿಬ್ಬರಿಗೂ ಮೊದಲೇ ಗದ್ದೆಯ ಬದುವಿನ ವ್ಯಾಜ್ಯ. ಚೀಟಿ ಹರಿದು ಹೊಸದು ಕೊಡುವಷ್ಟರಲ್ಲಿ ಸಾಕುಸಾಕಾಯಿತು.


ಬೆಸುಗೆ ರಾಯರು
ಶುಕ್ರವಾರ, ಬೆಳಿಗ್ಗೆ 9:33

ಮಕ್ಕಳಿಗೆ ಮದ್ದು: 27, 99, 53, 1. ಮುಖದ ಬಟನ್ ಸತ್ತಂತೆ. ಕೊನೆಯದನ್ನು 0 ಮಾಡಿದರೆ ಮತ್ತೆ ಜೀವ. 27, 64 ಎಂದು ಪ್ರಿಂಟರನ್ನು ಮೊದಲ ಸ್ಥಿತಿಗೆ ತಂದಾಗಲೆಲ್ಲ ಬಟನ್ ಮತ್ತೆ ಏಳುತ್ತದೆ, ಆದ್ದರಿಂದ ಅದರ ಬೆನ್ನಿಗೇ ಇದನ್ನು ಕಳುಹಿಸಿ. ನಿಮ್ಮ ಮಾದರಿ ಕೇಳದಿದ್ದರೆ ಬಟನ್ ಮೇಲೆ ಒಂದು ತಗಡಿನ ಚೂರು ಅಂಟಿಸಿ. ರೋಲ್ ಬದಲಿಸಲು ನಿಮಗೆ ಬಟನ್ ಬೇಕಾಗುತ್ತದೆ, ಆಗಿನ ಮಟ್ಟಿಗೆ ಕೀಪ್ಯಾಡಿನ ಎ ಬಟನ್ನಿಗೆ ಕಾಗದ ಮುಂದೂಡುವ ಕೆಲಸ ಹಚ್ಚಿ.

ಕೀಪ್ಯಾಡಿನ ಪಟ್ಟಿ ವೈರ್ ಹೊರಬರುವ ಸೀಳಿನೊಳಗೆ ಹಾಲು ಇಳಿದರೆ ವಾರದಲ್ಲಿ ಅಂಟಂಟಾಗಿ ಒಂದು ಕಂಬವೇ ಸಾಯುತ್ತದೆ. ತೆಳು ಪ್ಲಾಸ್ಟಿಕ್ ಹೊದಿಸಿ.


ಲ್ಯಾಬ್ ನಂಬರ್ 3
ಶುಕ್ರವಾರ, ಬೆಳಿಗ್ಗೆ 10:20

47, 74ಕ್ಕೆ: # ಒತ್ತಿದ ಕೂಡಲೇ ಅಚ್ಚು ಹಾಕಬೇಡಿ. 16×2ರ ಚಿಕ್ಕ ಎಲ್‌ಸಿಡಿ ಇಟ್ಟು ಸಂಖ್ಯೆಯ ಜೊತೆ ಹೆಸರನ್ನೂ ತೋರಿಸಿ, ಎರಡನೇ # ಬಂದ ಮೇಲೆ ಚೀಟಿ. ಪಿನ್ ಉಳಿದಿಲ್ಲವೆಂದು ಹೆದರಬೇಡಿ. ಬೆನ್ನಿಗೆ ಐ2ಸಿ, ಅಂದರೆ ಎರಡೇ ತಂತಿಯಲ್ಲಿ ಡೇಟಾ ಪಡೆಯುವ, ಬೋರ್ಡ್ ಅಂಟಿಸಿದ ಎಲ್‌ಸಿಡಿಗೆ ಎ4, ಎ5 ಎರಡೇ ಪಿನ್ ಸಾಕು, ಅವು ನಿಮ್ಮಲ್ಲಿ ಖಾಲಿ ಇವೆ. ಆ ಎಲ್‌ಸಿಡಿಗೂ ಕನ್ನಡ ಬರುವುದಿಲ್ಲ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಾಗುತ್ತದೆ, ಓದುವವರು ಅಪ್ಪ ಒಬ್ಬರೇ ತಾನೆ.


ಸೊಸೈಟಿ ಹುಡುಗ
ಶನಿವಾರ, ರಾತ್ರಿ 8:15

ಎಲ್‌ಸಿಡಿ ಬಂತು, ಹಾಕಿದೆ. ಹೆಸರು ಬೇಡ ಎಂದರು ಅಪ್ಪ. ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ, ಊರಿನಲ್ಲಿ ಒಂದೇ ಹೆಸರಿನವರು ಏಳು ಜನ. ಅದಕ್ಕೆ ಹೆಸರಿನ ಬದಲು ಮನೆಯ ಗುರುತನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಿದ್ದೇವೆ: ಬಾವಿ ಮನೆ, ಮೂಲೆ ಮನೆ, ಹೊಸ ಹೆಂಚು. 74ರವರದು ‘ಹುಣಸೆಮರ’. ಹದಿನಾರು ಅಕ್ಷರದೊಳಗೆ ಎಲ್ಲವೂ ಕೂತವು, ಒಂದು ಬಿಟ್ಟು. ‘ಹಳೇ ಪಂಚಾಯಿತಿ ಆಫೀಸಿನ ಹಿಂದಿನ ಮನೆ’ಯನ್ನು ಹೇಗೆ ಮೊಟಕುಗೊಳಿಸುವುದೆಂದು ಅಪ್ಪ ಊಟಕ್ಕೆ ಕೂತಾಗಲೂ ಯೋಚಿಸುತ್ತಿದ್ದಾರೆ.